ಎಡಗಡೆಯ ಕಂಬ

ಗೇಟಿನ ಬಣ್ಣ ಇನ್ನೂ ಒಣಗಿರಲಿಲ್ಲ. ಎದ್ದವರೇ ಮುಖ ತೊಳೆಯುವುದಕ್ಕೂ ಮೊದಲು ರಾಯರು ಹೊರಗೆ ಬಂದು ಎಡಗಡೆಯ ಕಂಬವನ್ನು ತೋರುಬೆರಳಿನಿಂದ ಮೆಲ್ಲಗೆ ಮುಟ್ಟಿದರು. ಬೆರಳಿಗೆ ಹಸಿರು ಮೆತ್ತಿಕೊಂಡಿತು. ಪೈಜಾಮಕ್ಕೆ ಒರೆಸಿಕೊಳ್ಳಲು ಹೋದವರು, ಕಲೆಯಾದರೆ ಹೆಂಡತಿ ಕೇಳುತ್ತಾಳೆಂದು ತಡೆದು, ಬಗ್ಗಿ ಹುಲ್ಲಿಗೆ ಒರೆಸಿದರು. ಹುಲ್ಲೂ ಹಸಿರೇ ಆಗಿದ್ದದ್ದರಿಂದ ದೇವರು ಅಷ್ಟರಮಟ್ಟಿಗಾದರೂ ತಮ್ಮ ಕಡೆಗಿದ್ದಾನೆ ಅನ್ನಿಸಿತು. ಹತ್ತು ಗಂಟೆಗೆ ಇನ್ಷೂರೆನ್ಸ್ ಕಂಪನಿಯ ಸರ್ವೇಯರು ಬರುವವರಿದ್ದರು. ಕಾರಿನ ಎಡಬದಿಯ ಹಿಂಬಾಗಿಲಿಗೆ ಬಿದ್ದ ಪೆಟ್ಟನ್ನು ನೋಡಿ, ಅದು ಎಲ್ಲಿ, ಹೇಗೆ, ಯಾರ ತಪ್ಪಿನಿಂದ ಆಯಿತೆಂದು ಬರೆದುಕೊಂಡು ಹೋಗುವುದು ಬರುವವರ ಕೆಲಸ. ಆ ಬಾಗಿಲೂ ಈ ಕಂಬವೂ ಹಿಂದಿನ ಜನ್ಮದಲ್ಲಿಯೂ ಒಂದರ ಮುಖ ಒಂದು ನೋಡಿಲ್ಲ ಎಂದು ತೋರಿಸುವುದು ರಾಯರ ಕೆಲಸ. ಇಂಥ ಕೆಲಸಕ್ಕೆ ಕೈಹಾಕಿದ ಎಷ್ಟೋ ಜನರನ್ನು ಅವರೇ ಹಿಡಿದಿದ್ದರು, ಏಕೆಂದರೆ ಅವರೂ ನಿವೃತ್ತರಾಗುವವರೆಗೆ ಸರ್ವೇಯರೇ ಆಗಿದ್ದವರು. ಯಾರು ಎಂಥ ಹೊಸ ಡೊಂಕು ತಂದು ತೋರಿಸಿದರೂ ಮಂಡಿಯೂರಿ, ಮೂಸಿ ನೋಡುವಷ್ಟು ಹತ್ತಿರ ಹೋಗಿ, "ಇದು ಹಳೇ ಪೆಟ್ಟು" ಎಂದು ಎದ್ದುಬಿಡುತ್ತಿದ್ದರಿಂದ ಆಫೀಸಿನಲ್ಲಿ ಅವರಿಗೆ ಹಳೇಪೆಟ್ಟಿನ ರಾಯರು ಎಂಬ ಹೆಸರೇ ನಿಂತುಬಿಟ್ಟಿತ್ತು.

ಆದದ್ದು ಇಷ್ಟು. ಹಿಂದಿನ ವಾರ ಹಲ್ಲಿನ ಡಾಕ್ಟರ ಹತ್ತಿರ ಹೋಗಲೆಂದು ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದರು. ಒಳಗೆ ಹೆಂಡತಿ ಮಿಕ್ಸಿ ಹಾಕಿದ್ದಳು. ಬಲಗನ್ನಡಿ ನೋಡಿದರು, ನಡುವಿನ ಕನ್ನಡಿ ನೋಡಿದರು, ಎಡಗನ್ನಡಿಯನ್ನೂ ನೋಡಿದರು. ದಾರಿ ಹಸನಾಗಿತ್ತು. ಕಾಲನ್ನು ಸ್ವಲ್ಪ ಒತ್ತಿದರು, ಸ್ಟೇರಿಂಗನ್ನು ಸ್ವಲ್ಪ ತಿರುಗಿಸಿದರು, ಕರ್ರ್ ಎಂದು ಏನೋ ಸೀಳಿದ ಸದ್ದಾಯಿತು. ಮಿಕ್ಸಿಯದೇ ಇರಬೇಕು, ಬ್ಲೇಡು ಹೋಯಿತೇನೋ ಅಂದುಕೊಂಡು ಇನ್ನೂ ಒಂದು ಮೊಳ ಹಿಂದಕ್ಕೆ ತೆಗೆದರು. ಇಳಿದು ನೋಡಿದರೆ ಇಷ್ಟು ವರ್ಷ ನಿಂತಲ್ಲೇ ನಿಂತಿದ್ದ ಕಂಬ ಈಗಲೂ ನಿಂತಲ್ಲೇ ನಿಂತಿತ್ತು. ಗುದ್ದಿದ್ದಕ್ಕಲ್ಲ ಅವರಿಗೆ ಹೆದರಿಕೆಯಾದದ್ದು. ಗುದ್ದುವವರನ್ನು ಬೇಕಾದಷ್ಟು ನೋಡಿದ್ದರು, ಗುದ್ದುವವರಿಂದಲೇ ಅವರ ಮನೆಯ ಒಲೆ ಉರಿದಿತ್ತು. ಹೆದರಿಕೆಯಾದದ್ದು ಕನ್ನಡಿ ನೋಡಿದ್ದಕ್ಕೆ. ನೋಡಿದಾಗ ಅದರಲ್ಲಿ ಕಂಬವಿರಲಿಲ್ಲ. ಮಸುಕಾಗಿತ್ತು, ಕಪ್ಪಾಗಿತ್ತು ಎಂದೇನಲ್ಲ. ಕಂಬ ಇರಬೇಕಾದ ಜಾಗದಲ್ಲಿ ಗೋಡೆಯೋ ಆಕಾಶವೋ ಏನೋ ಒಂದು ತಂಟೆ ತಕರಾರಿಲ್ಲದೆ ಹರಡಿಕೊಂಡಿತ್ತು. ಮರೆತು ಗುದ್ದಿದರೆ ನಾಳೆಯಿಂದ ನೆನಪಿಟ್ಟುಕೊಳ್ಳಬಹುದು. ನೋಡಿಯೂ ಗುದ್ದಿದರೆ ಏನು ಮಾಡಬೇಕು? ಈಚೆಗೆ ಪತ್ರಿಕೆಯ ಸಾಲುಗಳೂ ಮೊದಲ ಪದ ನುಂಗಿಕೊಂಡು ಶುರುವಾಗುತ್ತಿದ್ದವು. ಈಗಿನ ಪತ್ರಕರ್ತರಿಗೆ ವಾಕ್ಯ ಬರೆಯಲಿಕ್ಕೇ ಬರುವುದಿಲ್ಲವೆಂದು ಅವರು ಸಂಪಾದಕರಿಗೆ ಒಂದು ಖಾರವಾದ ಪತ್ರವನ್ನೂ ಹಾಕಿದ್ದರು.

ಅದನ್ನು ಹೆಂಡತಿಗೆ ಹೇಳಬಹುದಿತ್ತು. ಹೇಳಲೆಂದೇ ಹಲ್ಲಿನ ಡಾಕ್ಟರಿಂದ ಮನೆಗೆ ಬರುವವರೆಗೂ ಬಾಯಲ್ಲಿ ವಾಕ್ಯ ಕಟ್ಟಿಕೊಂಡು ಬಂದಿದ್ದರು. ಆದರೆ ಅರ್ಧ ಬಾಯಿ ಮರಗಟ್ಟಿತ್ತು. ಮರಗಟ್ಟಿದ ಬಾಯಲ್ಲಿ ನಿಜ ಹೇಳುವುದು ಕಷ್ಟ. ಸುಳ್ಳು ಸಣ್ಣದಾಗಿರುತ್ತದೆ, ಸಲೀಸಾಗಿ ಜಾರುತ್ತದೆ. "ಕ್ಲಿನಿಕ್ ಮುಂದೆ ನಿಲ್ಲಿಸಿದ್ದಾಗ ಯಾರೋ ಗುದ್ದಿ ಹೋಗಿದಾರೆ ಕಣೇ," ಅಂದುಬಿಟ್ಟರು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದರು. ಸುಳ್ಳು ಹೇಳಿ ಅಭ್ಯಾಸವಿಲ್ಲದವರಿಗೆ ಇದೊಂದು ತೊಂದರೆ, ಹೇಳಿದ ಸುಳ್ಳನ್ನು ಕೇಳಿದವರು ನಂಬುತ್ತಾರೆ ಎನ್ನುವುದು ಅವರಿಗೆ ಹೊಳೆಯುವುದಿಲ್ಲ. ಹೆಂಡತಿ ನಂಬಿದಳು. ನಂಬಿ ಅಂದು ಸಂಜೆಯೇ ಕ್ಲಿನಿಕ್ಕಿಗೆ ಹೋಗಿ ವಾಚ್‌ಮನ್ನನನ್ನು ಹಿಡಿದು ಝಾಡಿಸಿ ಬಂದಳು. "ಅವನು ನನಗೇ ಹೇಳ್ತಾನೆ ನೋಡಿ, ಅಮ್ಮಾ, ಗಾಡಿ ಬರೋವಾಗಲೇ ಡೊಂಕಾಗಿತ್ತು ಅಂತ! ನನ್ನ ಗಂಡ ಸುಳ್ಳು ಹೇಳೋ ಆಸಾಮಿ ಅಲ್ಲಪ್ಪ, ಹೇಳೋಕೆ ಬರೋದೂ ಇಲ್ಲ ಅವರಿಗೆ ಅಂದೆ. ತಲೆ ತಗ್ಗಿಸಿ ನಿಂತ." ತಲೆ ತಗ್ಗಿಸಿ ನಿಂತ ಆ ಮನುಷ್ಯ, ಬಿಸಿಲಲ್ಲಿ ಬಣ್ಣ ಹೋದ ಟೋಪಿಯವನು, ರಾಯರು ಕಾರಿನಿಂದ ಇಳಿಯುವಾಗ ಬಾಗಿಲು ಹಿಡಿದುಕೊಂಡಿದ್ದವನು, ಆಮೇಲೆ ದಿನವೂ ಊಟಕ್ಕೆ ಕೂತಾಗ ತಟ್ಟೆಯ ಆಚೆ ಬದಿಗೆ ಬಂದು ನಿಲ್ಲತೊಡಗಿದ. ಹೆಂಡತಿ ಅಷ್ಟಕ್ಕೇ ಬಿಡಲಿಲ್ಲ. ಕಂಪನಿಗೆ ಫೋನು ಮಾಡಿ ಕ್ಲೇಮು ಹಾಕಿದಳು. "ಸಣ್ಣ ಪೆಟ್ಟು ಬಿಡೇ," ಎಂದರು ರಾಯರು. "ಯಾಕ್ರೀ ಬಿಡೋದು? ಇಷ್ಟು ವರ್ಷ ಕಂತು ಕಟ್ಟಿದೀವಿ. ಪುಕ್ಕಟೆ ಕೇಳ್ತಿದೀವಾ?" ಈ ಮಾತನ್ನು ಅವರು ವೃತ್ತಿಯಲ್ಲಿದ್ದಾಗ ಎಷ್ಟು ಹೆಂಗಸರ ಬಾಯಲ್ಲಿ ಕೇಳಿರಲಿಲ್ಲ, ಆಗೆಲ್ಲ, ಪಾಪ, ಇವಳ ಗಂಡ ಮನೆಯಲ್ಲಿ ಏನು ಹೇಳಿದ್ದಾನೋ ಎಂದು ಒಳಗೊಳಗೇ ನಕ್ಕಿದ್ದರು.

ಇನ್ನು ಕ್ಲೇಮು ವಾಪಸು ತೆಗೆಯಬೇಕೆಂದರೆ ಕಾರಣ ಹೇಳಬೇಕು. ಇರಲಿ ಎಂದು ಬಿಟ್ಟರೆ ಸರ್ವೇಯರು ಬರುತ್ತಾರೆ. ಮುಂದಿನ ತಿಂಗಳು ಪಾಲಿಸಿ ಮುಗಿಯುತ್ತದೆ, ರಾಯರಿಗೆ ಎಪ್ಪತ್ತೈದು ತುಂಬುತ್ತದೆ. ಕಂಪನಿಯ ಫೋನಿನ ಹೆಣ್ಣುದನಿ ಜೋಗುಳ ಹಾಡಿದ ಹಾಗೆ ಎಲ್ಲ ವಿವರಿಸಿತ್ತು. ಎಪ್ಪತ್ತೈದರ ಮೇಲೆ ಹಿರಿಯ ಚಾಲಕರ ದರ, ಅದು ಹೆಚ್ಚು. ನಿಲ್ಲಿಸಿದ ಗಾಡಿಗೆ ಬೇರೆಯವರು ಗುದ್ದಿದ್ದರೆ ಚಿಂತೆಯಿಲ್ಲ. ತಮ್ಮದೇ ತಪ್ಪಿನ ಒಂದು ಕ್ಲೇಮಿದ್ದರೂ ಕಣ್ಣಿನ ಡಾಕ್ಟರ ಸರ್ಟಿಫಿಕೇಟು ತರಬೇಕು, ಇಲ್ಲದಿದ್ದರೆ ಬೇರೆಯವರನ್ನು ಮುಖ್ಯ ಚಾಲಕರೆಂದು ತೋರಿಸಬೇಕು. "ನಿಮ್ಮ ಮಿಸೆಸ್ ಡ್ರೈವ್ ಮಾಡ್ತಾರಾ ಸರ್? ಅವರನ್ನ ಮುಖ್ಯ ಚಾಲಕರು ಅಂತ ಮಾಡಿದ್ರೆ ಪ್ರೀಮಿಯಂ ತುಂಬಾ ಇಳಿಯುತ್ತೆ. ನೀವು ಹೆಚ್ಚುವರಿ ಚಾಲಕರು ಆಗ್ತೀರಿ." ಹೆಚ್ಚುವರಿ! ತಾವೇ ದುಡ್ಡು ಕೊಟ್ಟು ತಂದ ಕಾರಿನಲ್ಲಿ ಸ್ಟೆಪ್ನಿಯ ಹಾಗೆ ಹೆಚ್ಚುವರಿ. ಹೆಂಡತಿಗೆ ಲೈಸೆನ್ಸಿತ್ತು. ಗಂಡನ ಪಾಠಕ್ಕೆ ಒಂದು ಬೆಳಗ್ಗೆ ಕೂತು, ನಡುರಸ್ತೆಯಲ್ಲಿ ಕಾರು ನಿಲ್ಲಿಸಿ ಇಳಿದು ನಡೆದು ಮನೆಗೆ ಬಂದವಳು, ಆಮೇಲೆ ಎಲ್ಲರೂ ಬಿಡುವ ವಯಸ್ಸಿನಲ್ಲಿ ಡ್ರೈವಿಂಗ್ ಶಾಲೆಗೆ ಹೋಗಿ ಕಲಿತು, ವಾರಕ್ಕೊಮ್ಮೆ ತಂಗಿಯ ಮನೆಗೆ ತಾನೇ ಹೋಗಿಬರುತ್ತಿದ್ದಳು. ಅವಳು ಓಡಿಸುವಾಗ ರಾಯರು ಜೊತೆಗೆ ಹೋಗುತ್ತಿರಲಿಲ್ಲ. ಮಾತಾಡದೆ ಕೂರಲಿಕ್ಕೆ ಅವರಿಂದಾಗದು. ಅವರು ಮಾತಾಡಿದರೆ ಓಡಿಸಲಿಕ್ಕೆ ಅವಳಿಂದಾಗದು.

ಬಣ್ಣದ ಸಂಗತಿಯೂ ಹೀಗೇ ಬೆಳೆಯಿತು. ಕಂಬಕ್ಕೆ ಮೊದಲು ನೀಲಿ ಬಣ್ಣವಿತ್ತು. ಬಾಗಿಲಿನ ಗೀರಿನಲ್ಲೂ ನೀಲಿ ಹತ್ತಿತ್ತು. ಬಾಗಿಲಿನದನ್ನು ಥಿನ್ನರು ಹಾಕಿ ಒರೆಸಿದರು. ಕಂಬದ ಕಿತ್ತುಹೋದ ಮೂಲೆಗೆ ಪುಟ್ಟಿ ಮೆತ್ತಿ, ಮೇಲೆ ಹಸಿರು ಬಳಿದರು. ಒಂದು ಕಂಬ ಹಸಿರು, ಒಂದು ಕಂಬ ನೀಲಿ. "ಇದೇನ್ರೀ, ಒಂದೇ ಕಂಬಕ್ಕೆ ಬಳಿದು ಬಿಟ್ರಿ?" ಎಂದಳು ಹೆಂಡತಿ. ಇನ್ನೊಂದಕ್ಕೂ ಬಳಿದರು. ನಡುವಿನ ಗೇಟು ತುಕ್ಕು ಹಿಡಿದು ಎದ್ದು ಕಾಣತೊಡಗಿತು, ಅದಕ್ಕೂ ಬಳಿದರು. ಆಮೇಲೆ ಕಾಂಪೌಂಡ್ ಗೋಡೆ ಹೊಸ ಬಟ್ಟೆ ಉಟ್ಟವರ ನಡುವೆ ನಿಂತ ಭಿಕ್ಷುಕನಂತೆ ಕಂಡಿತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಎನ್ನುವುದು ಹೀಗೇ ಇರಬೇಕು, ಅಂಗೈಯಗಲದ ಗೀರು ಮುಚ್ಚಲು ಹೋಗಿ ಆ ವಯಸ್ಸಿನಲ್ಲಿ ಅವರು ಇಡೀ ಕಾಂಪೌಂಡಿಗೆ ಒಬ್ಬರೇ ಬಣ್ಣ ಹೊಡೆದರು. ಎಷ್ಟೋ ವರ್ಷದಿಂದ ಬಣ್ಣ ಹೊಡೆಸಿ ಎಂದು ಗೋಗರೆಯುತ್ತಿದ್ದ ಹೆಂಡತಿ ಹಿಗ್ಗಿ ಹೀರೇಕಾಯಿಯಾದಳು. ಬೆನ್ನಿಗೆ ಎಣ್ಣೆ ತಿಕ್ಕಿದಳು. "ಈ ವಯಸ್ಸಲ್ಲಿ ನಿಮಗೆ ಮನೆ ಮೇಲೆ ಇಷ್ಟು ಪ್ರೀತಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ," ಎಂದಳು. ಆ ಎಣ್ಣೆ ಕೈ ಬೆನ್ನ ಮೇಲೆ ಓಡಾಡುವಾಗ ರಾಯರಿಗೆ ಅಳು ಬರುವಂತಾಯಿತು. ಎಡಗಂಬದ ಪುಟ್ಟಿ ಮಾತ್ರ ಬಣ್ಣವನ್ನು ಕುಡಿದು ಕುಡಿದು ಬೇರೆಯಾಗಿಯೇ ಕಾಣುತ್ತಿತ್ತು. ನಿನ್ನೆ ಸಂಜೆ ಅದಕ್ಕೆ ಮತ್ತೊಂದು ಕೈ ಬಳಿದಿದ್ದರು.

ಹತ್ತು ಗಂಟೆಗೆ ಸರಿಯಾಗಿ ಸ್ಕೂಟರು ಬಂದು ನಿಂತಿತು. ಇಳಿದದ್ದು ಒಬ್ಬಳು ಹುಡುಗಿ. ಬೆನ್ನಿಗೆ ಚೀಲ, ಕಿವಿಯಲ್ಲಿ ಏನೋ ಸಿಕ್ಕಿಸಿಕೊಂಡು ಯಾರ ಜೊತೆಗೋ ಮಾತಾಡುತ್ತ, ಅತ್ತಿತ್ತ ನೋಡದೆ ಎಡಗಂಬಕ್ಕೆ ಕೈಯೂರಿ ಗೇಟಿನ ಚಿಲಕ ತೆಗೆದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಇಲ್ಲಿ ಇನ್ನೂ ಯಾರೂ ಏನೂ ಅಂದಿರಲಿಲ್ಲ, ರಾಯರು ಆಗಲೇ, "ಅದು ಗೇಟಿಗೆ ಬಣ್ಣ ಹಾಕಿಸೋದು ಬಾಕಿ ಇತ್ತು, ಬೇರೆ ಏನಿಲ್ಲ," ಎಂದುಬಿಟ್ಟರು. ಹುಡುಗಿ ಹಸಿರಾದ ಅಂಗೈ ನೋಡಿಕೊಂಡು ನಕ್ಕಳು. ಹೆಂಡತಿ ಸೀಮೆಎಣ್ಣೆ ಹಚ್ಚಿದ ಬಟ್ಟೆ ತಂದು ತಾನೇ ಅವಳ ಕೈ ಹಿಡಿದು ಒರೆಸಿದಳು. "ಎಲ್ಲಾ ಇವರೇ ಹೊಡೆದದ್ದು ಕಣಮ್ಮ. ಒಂದಾಳಿನ ಸಹಾಯ ಇಲ್ಲ." "ಗ್ರೇಟ್ ಅಂಕಲ್," ಎಂದಳು ಹುಡುಗಿ. ಅಂಕಲ್. ಸರ್ವೇಯರನಾದವನು ಬಂದು ನಿಂತರೆ ಮನೆಯವರಿಗೆ ನಾಲಿಗೆ ಒಣಗಬೇಕು. ತಾವು ಹೋಗುತ್ತಿದ್ದಾಗ ಯಾರೂ ನೀರು ಕೊಡಲಿಕ್ಕೂ ಧೈರ್ಯ ಮಾಡುತ್ತಿರಲಿಲ್ಲ, ಲಂಚವೆಂದುಕೊಂಡಾರೆಂದು. ಇವಳು ಆಗಲೇ ಹೆಂಡತಿಯ ಕೈಯಿಂದ ಬಿಸ್ಕತ್ತು ತೆಗೆದುಕೊಂಡು ತಿನ್ನುತ್ತಿದ್ದಾಳೆ.

ಆದರೂ ರಾಯರು ಸಿದ್ಧರಾಗಿದ್ದರು. ಗಾಡಿ ಎಷ್ಟು ಹೊತ್ತು ನಿಂತಿತ್ತು, ಯಾವ ಕಡೆಗೆ ಮುಖ ಮಾಡಿತ್ತು, ಪಕ್ಕದಲ್ಲಿ ಏನಿತ್ತು, ಇಷ್ಟಕ್ಕೂ ತಡವರಿಸದ ಉತ್ತರ ಕಟ್ಟಿಟ್ಟುಕೊಂಡಿದ್ದರು. ತಡವರಿಸದೆ ಹೇಳಿದರೆ ಅನುಮಾನ ಬರುತ್ತದೆಂದು ನೆನಪಾಗಿ, ಎಲ್ಲೆಲ್ಲಿ ತಡವರಿಸಬೇಕೆಂಬುದನ್ನೂ ಗುರುತು ಮಾಡಿಕೊಂಡಿದ್ದರು. ಹುಡುಗಿ ಏನನ್ನೂ ಕೇಳಲಿಲ್ಲ. ಕಾರಿನ ಬಳಿ ಹೋಗಿ, ನಿಂತಲ್ಲಿಂದಲೇ ಮೊಬೈಲು ಹಿಡಿದು ಕ್ಲಿಕ್, ಕ್ಲಿಕ್, ಇನ್ನೊಂದು ಕೋನದಿಂದ ಕ್ಲಿಕ್. ಮೊಬೈಲನ್ನು ಒಮ್ಮೆ ನೋಡಿದಳು. "ಮುಗೀತು ಅಂಕಲ್."

"ಏನು ಮುಗೀತು?"

"ಸರ್ವೆ. ಫೋಟೋ ಹಾಕಿದ್ರೆ ಕಂಪ್ಯೂಟರೇ ನೋಡ್ಕೊಳುತ್ತೆ. ಸಬ್‌ಮಿಟ್ ಒತ್ತಿದ್ರೆ ಆಯ್ತು, ನಾಳೆ ದುಡ್ಡು ಬರುತ್ತೆ."

"ಹೇಗಾಯ್ತು ಅಂತ ಕೇಳಲ್ವೇನಮ್ಮ?"

"ಹಿರಿಯರ ಸಣ್ಣ ಕ್ಲೇಮೆಲ್ಲ ನಾವು ಕೆದಕೋದಿಲ್ಲ ಅಂಕಲ್. ಅದರಿಂದ ಕಂಪನಿಗೇನೂ ಸಿಗೋಲ್ಲ, ಅವರಿಗೂ ಬೇಜಾರು. ನಿಮ್ಮ ವಯಸ್ಸಿನವರು ಬೇರೆಯವರು ಗುದ್ದಿದ್ರು ಅಂದ್ರೆ ಹೂಂ ಅಂತ ಹಾಕಿಬಿಡೋದು. ಏನು, ಬೇರೆಯವರೇ ಗುದ್ದಿರ್ತಾರೆ ಬಿಡಿ."

ಇನ್ನೇನು ಬೇಕಿತ್ತು? ಕೈಗೆ ಬಂದ ತುತ್ತು ಬಾಯಿಗೂ ಬಂದಂತಾಗಿತ್ತು, ನುಂಗಿದರೆ ಸಾಕಿತ್ತು. ವಾರದಿಂದ ಬಿಗಿದುಕೊಂಡಿದ್ದ ಭುಜ ರಾಯರಿಗೆ ತಂತಾನೇ ಸಡಿಲವಾಯಿತು. ಇನ್ನೊಂದು ವರ್ಷ ಬಲಗಡೆಯ ಸೀಟು ತಮ್ಮದೇ. ಅಷ್ಟರೊಳಗೆ ಎಡಗಡೆಗೆ ಹೆಚ್ಚು ತಿರುಗದ ದಾರಿಗಳನ್ನು ಹುಡುಕಿಕೊಂಡರಾಯಿತು. ಹೆಂಡತಿ ತಂದುಕೊಟ್ಟ ಕಾಫಿಯನ್ನು ಎರಡು ಗುಟುಕು ಕುಡಿದರು. ಮೂರನೆಯ ಗುಟುಕಿಗೆ ಎತ್ತಿದ ಲೋಟ ಬಾಯಿಯ ಹತ್ತಿರವೇ ನಿಂತಿತು. ಹುಡುಗಿ ಬಗ್ಗಿರಲಿಲ್ಲ. ಬಾಗಿಲ ಹತ್ತಿರ ಒಂದು ಸಲವೂ, ತೋರಿಕೆಗಾದರೂ, ಬಗ್ಗಿರಲಿಲ್ಲ. ಪೆಟ್ಟನ್ನು ಮುಟ್ಟಿರಲಿಲ್ಲ. ಮುಟ್ಟದೆ ಏನು ತಿಳಿಯುತ್ತದೆ? ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರಿಗೆ ಪಾಠ ಹೇಳಿದ ಮುದುಕ ಸರ್ವೇಯರು ಹೊಡೆದ ಹಾಗೆ ಹೇಳಿದ್ದರು, ಬಗ್ಗದವನಿಗೆ ಮಾಲೀಕ ತೋರಿಸಿದ್ದು ಕಾಣುತ್ತೆ, ಬಗ್ಗಿದವನಿಗೆ ಗಾಡಿ ಹೇಳಿದ್ದು ಕೇಳುತ್ತೆ. ಹಾಗೆ ಬಗ್ಗಿ ಬಗ್ಗಿಯೇ ಅವರ ಮಂಡಿ ಸವೆದದ್ದು. ಮತ್ತೆ ಆ ಮಾತು, ಬೇರೆಯವರೇ ಗುದ್ದಿರ್ತಾರೆ ಬಿಡಿ. ಅವಳಿಗೆ ಎಲ್ಲ ಗೊತ್ತಿತ್ತು. ತಾವು ಕಷ್ಟಪಟ್ಟು ಹೂಡಿದ ಸುಳ್ಳು ಅವಳಿಗೆ ಮಕ್ಕಳು ಹೊಟ್ಟೆನೋವು ಅಂದ ಹಾಗೆ. ಹಿಡಿಯುವಷ್ಟು ಬೆಲೆಯೂ ಅದಕ್ಕಿಲ್ಲ. ಇಷ್ಟು ಚೆನ್ನಾಗಿ ಬಳಿದ ಕಂಬ, ಥಿನ್ನರು ಹಾಕಿ ತಿಕ್ಕಿದ ಬಾಗಿಲು, ಒಂದನ್ನೂ ಅವಳು ನೋಡಲಿಲ್ಲ. ಪರೀಕ್ಷೆಗೆ ಹಗಲೂ ರಾತ್ರಿ ಓದಿಕೊಂಡು ಹೋದವನಿಗೆ, ಪರೀಕ್ಷೆಯಿಲ್ಲ, ಎಲ್ಲರೂ ಪಾಸು, ಮನೆಗೆ ಹೋಗಿ ಅಂದರೆ ಆಗುವ ಸಂಕಟ ಅವರಿಗಾಯಿತು.

"ಅಮ್ಮಾ, ಒಂದ್ನಿಮಿಷ," ಎಂದರು. ಲೋಟ ಕೆಳಗಿಟ್ಟರು. "ಇಲ್ಲಿ ಬಾ. ಬಗ್ಗು."

"ಯಾಕೆ ಅಂಕಲ್?"

"ಬಗ್ಗಮ್ಮ. ನಾನೂ ಬಗ್ತೀನಿ." ಮಂಡಿ ಲಟಕ್ ಎಂದಿತು. "ಈ ಗೀರು ಎಲ್ಲಿ ಶುರುವಾಗಿದೆ, ಎಲ್ಲಿ ಮುಗಿದಿದೆ?"

ಹುಡುಗಿ ಗಡಿಯಾರ ನೋಡಿಕೊಂಡು ಬಗ್ಗಿದಳು. "ಇಲ್ಲಿಂದ ಇಲ್ಲಿಗೆ."

"ಕಣ್ಣಲ್ಲಿ ನೋಡಬೇಡ. ಬೆರಳಾಡಿಸು. ಹಿಂದಿನಿಂದ ಮುಂದಕ್ಕೆ ಬಂದ್ರೆ ನುಣ್ಣಗಿದೆ, ಮುಂದಿನಿಂದ ಹಿಂದಕ್ಕೆ ಹೋದ್ರೆ ಚುಚ್ಚುತ್ತೆ. ಚುಚ್ಚುತ್ತಾ?"

"ಹೂಂ, ಚುಚ್ಚುತ್ತೆ."

"ಅಂದ್ರೆ ತಗಡು ಮುಂದಕ್ಕೆ ಮಡಿಚಿಕೊಂಡಿದೆ. ಈಗ ಎತ್ತರ ನೋಡು. ಕೆಳಗಿನ ಪಟ್ಟಿಯಿಂದ ಬಾಗಿಲ ಹಿಡಿಕೆವರೆಗೆ ಒಂದೇ ನೇರಕ್ಕಿದೆ. ಯಾವ ಕಾರಿನ ಬಂಪರ್ ಇಷ್ಟೆತ್ತರ ಇರುತ್ತೆ?"

"ಲಾರಿ ಇರಬಹುದು."

"ಲಾರಿಯಾಗಿದ್ರೆ ಕೆಳಗೆ ಏನೂ ಆಗಿರಲ್ಲ, ಮೇಲೆ ಮಾತ್ರ ಆಗಿರುತ್ತೆ." ರಾಯರ ಕೆನ್ನೆ ಕೆಂಪಾಗಿತ್ತು. ನಿವೃತ್ತಿಯಾದ ಮೇಲೆ ಯಾರೂ ಅವರ ಮಾತನ್ನು ಇಷ್ಟು ಹತ್ತಿರ ಕೂತು ಕೇಳಿರಲಿಲ್ಲ. ಹುಡುಗಿ ಈಗ ಪೂರ್ತಿ ಕುಕ್ಕರುಗಾಲಲ್ಲಿ ಕೂತಿದ್ದಳು, ಕಿವಿಯಲ್ಲಿದ್ದದ್ದನ್ನು ತೆಗೆದು ಜೇಬಿಗೆ ಹಾಕಿಕೊಂಡಿದ್ದಳು. ಅವರು ಕಿರುಬೆರಳಿನ ಉಗುರನ್ನು ತಗಡಿನ ಮಡಿಕೆಗೆ ತೂರಿಸಿ, ಏನನ್ನೋ ಮೀಟಿ ಅವಳ ಅಂಗೈಗೆ ಹಾಕಿದರು. "ಇದೇನು ಹೇಳು."

"ಮಣ್ಣಾ?"

"ತಿಕ್ಕಿ ನೋಡು."

"ಮರಳು, ಸರ್!"

"ಮರಳು, ಸಿಮೆಂಟು. ಬಣ್ಣ ಥಿನ್ನರಲ್ಲಿ ಹೋಗುತ್ತೆ, ಮಡಿಕೆ ಒಳಗೆ ಕೂತ ಮರಳು ಹೋಗಲ್ಲ. ಯಾವ ಗಾಡಿ ಬಂಪರಲ್ಲಿ ಸಿಮೆಂಟಿರುತ್ತೆ? ಈ ಗಾಡಿಗೆ ಯಾರೂ ಬಂದು ಗುದ್ದಿಲ್ಲ. ಈ ಗಾಡಿಯೇ ಹಿಂದಕ್ಕೆ ಹೋಗಿ, ನಿಂತಿರೋ ಒಂದು ಕಂಬಕ್ಕೆ ಗುದ್ದಿದೆ. ಗುದ್ದಿದ ಮೇಲೂ ನಿಲ್ಲಿಸಿಲ್ಲ, ಇನ್ನೂ ಒಂದು ಮೊಳ ಎಳಕೊಂಡು ಹೋಗಿದೆ. ಚಾಲಕನಿಗೆ ತಾನು ಗುದ್ದಿದೀನಿ ಅಂತಲೇ ಗೊತ್ತಾಗಿಲ್ಲ." ಗೆದ್ದವರ ಹಾಗೆ ತಲೆಯೆತ್ತಿದರು.

"ಸೂಪರ್ ಸರ್!" ಎಂದಳು ಹುಡುಗಿ. ಆಮೇಲೆ ಅವಳ ಮುಖ ನಿಧಾನವಾಗಿ ಬದಲಾಯಿತು. "ಅಂದ್ರೆ, ಆ ಕ್ಲಿನಿಕ್ ಹತ್ತಿರ ಕಂಬ ಇತ್ತಾ?"

"ಅಲ್ಲೆಲ್ಲಿದೆ ಕಂಬ? ಬಯಲು," ಎಂದಳು ಹಿಂದೆ ನಿಂತಿದ್ದ ಹೆಂಡತಿ.

ಆಗ ರಾಯರಿಗೆ ತಾವು ಎಲ್ಲಿ ಕೂತಿದ್ದೇವೆ, ಯಾರ ಕಾರಿನ ಮುಂದೆ ಕೂತಿದ್ದೇವೆ ಎಂಬುದು ತಿಳಿಯಿತು. ತಾವು ತೋಡಿದ ಹಳ್ಳಕ್ಕೆ ತಾವೇ ಬಿದ್ದವರನ್ನು ಅವರು ಕಂಡಿದ್ದರು, ಆದರೆ ಹಳ್ಳದಲ್ಲಿ ಕೂತು, ಎಷ್ಟು ಚೆನ್ನಾಗಿ ತೋಡಿದ್ದೇನೆ ನೋಡಿ ಎಂದು ಇಬ್ಬರಿಗೆ ತೋರಿಸಿದವರನ್ನು ಕಂಡಿರಲಿಲ್ಲ. ಏಳೋಣವೆಂದರೆ ಮಂಡಿ ಏಳಗೊಡಲಿಲ್ಲ. ಹೆಂಡತಿ ಎಡಗಂಬವನ್ನು ನೋಡಿದಳು. ಬಲಗಂಬ ನೋಡಿದಳು. ಗೇಟು ನೋಡಿದಳು, ಅಲ್ಲಿಂದ ಹಸಿರು ಗೋಡೆಯ ಉದ್ದಕ್ಕೂ ಕಣ್ಣಾಡಿಸುತ್ತ ಮೂಲೆಯವರೆಗೂ ಹೋಗಿ ವಾಪಸು ಬಂದಳು. "ಇಡೀ ಕಾಂಪೌಂಡು..." ಎಂದಳು. ಬೈಗುಳಕ್ಕಾಗಿ ರಾಯರು ಕಾದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ನಾನು ಆ ಬಡಪಾಯಿ ಮನುಷ್ಯನಿಗೆ ಏನೇನೆಲ್ಲಾ ಅಂದುಬಿಟ್ಟೆ," ಎಂದಷ್ಟೇ ಹೇಳಿ ಅವಳು ಮೆಟ್ಟಿಲ ಮೇಲೆ ಕುಳಿತಳು.

ಹುಡುಗಿ ಎದ್ದು ನಿಂತು ಇಬ್ಬರ ಮುಖವನ್ನೂ ನೋಡಿದಳು. ಒಳ್ಳೆಯ ಮನೆಯ ಹುಡುಗಿ. "ಸರ್, ನಾನೇನೂ ಕೇಳಿಸ್ಕೊಂಡಿಲ್ಲ. ಫೋಟೋ ತೆಗೆದಾಗಿದೆ. ಸಬ್‌ಮಿಟ್ ಒತ್ತಿಬಿಡ್ತೀನಿ, ಪಾಲಿಸಿಗೂ ತೊಂದರೆ ಇರಲ್ಲ." ಅವಳ ಹೆಬ್ಬೆರಳು ಮೊಬೈಲಿನ ಗಾಜಿನ ಮೇಲೆ ನಿಂತಿತ್ತು. ಹೂಂ ಅನ್ನಬೇಕಾಗಿಯೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ರಾಯರು ಹೆಂಡತಿಯತ್ತ ನೋಡಿದರು. ಅವಳು ನೆಲ ನೋಡುತ್ತಿದ್ದಳು. ಸುಮ್ಮನಿದ್ದರೆ ಅವಳೂ ಸುಮ್ಮನಿರುತ್ತಾಳೆ. ಮುಂದಿನ ವಾರ ತಂಗಿಯ ಮನೆಗೆ ಹೋದಾಗಲೂ ಗಂಡನ ಮಾನ ಕಾಪಾಡಿಕೊಂಡು ಬರುತ್ತಾಳೆ, ಆದರೆ ಇನ್ನು ಮೇಲೆ ಯಾವ ವಾಚ್‌ಮನ್ನನ ಎದುರಿಗೂ ನನ್ನ ಗಂಡ ಸುಳ್ಳು ಹೇಳೋ ಆಸಾಮಿ ಅಲ್ಲ ಅನ್ನುವುದಿಲ್ಲ.

"ಬೇಡಮ್ಮ. ಬರಕೋ," ಎಂದರು. ಕಾರಿನ ಹಿಡಿ ಹಿಡಿದು ಎದ್ದು ನಿಂತು, ಗಂಟಲು ಸರಿಪಡಿಸಿಕೊಂಡು, ಅದೆಷ್ಟೋ ಸಾವಿರ ಸಲ ಬೇರೆಯವರ ಬಗ್ಗೆ ಹೇಳಿ ಬರೆಸಿದ್ದ ಆಫೀಸು ಭಾಷೆಯಲ್ಲಿ ಹೇಳತೊಡಗಿದರು. "ವಾಹನದ ಮಾಲೀಕರಾದ ಸದರಿ ಚಾಲಕರು ತಮ್ಮ ಸ್ವಂತ ಮನೆಯ ಆವರಣದಿಂದ ವಾಹನವನ್ನು ಹಿಂದಕ್ಕೆ ಚಲಾಯಿಸುವಾಗ ಎಡಬದಿಯ ಗೇಟಿನ ಕಂಬಕ್ಕೆ ಡಿಕ್ಕಿಪಡಿಸಿರುತ್ತಾರೆ. ಮೂರನೆಯವರ ಪಾತ್ರ ಇರುವುದಿಲ್ಲ."

ಹುಡುಗಿ ಒತ್ತುತ್ತ ಹೋದಳು. "ಕಾರಣ ಅಂತ ಒಂದು ಜಾಗ ಇದೆ ಸರ್. ಅಜಾಗರೂಕತೆ ಅಂತ ಹಾಕ್ಲಾ?"

ಅದು ಅವರದೇ ಪದ. ಯಾರಾದರೂ ಸರಿ, ಹೆಂಡತಿಗೆ ಹೆರಿಗೆ ನೋವೆಂದು ಓಡಿದವನಾಗಲಿ, ನಿದ್ದೆಗೆಟ್ಟ ಲಾರಿಯವನಾಗಲಿ, ಅಜಾಗರೂಕತೆ ಎಂದು ಬರೆದು ರುಜು ಹಾಕುತ್ತಿದ್ದರು. "ಅಲ್ಲ," ಎಂದರು. ದನಿ ತಾವಂದುಕೊಂಡದ್ದಕ್ಕಿಂತ ಜೋರಾಯಿತು. "ಜಾಗರೂಕತೆ ಇತ್ತು. ಬಲಗನ್ನಡಿ ನೋಡಿದ. ನಡುವಿಂದು ನೋಡಿದ. ಎಡಗನ್ನಡೀನೂ ನೋಡಿದ. ಕಂಬ ಕಾಣಿಸಲಿಲ್ಲ. ಹಾಗಂತ ಬರಿ. ಚಾಲಕರಿಗೆ ಎಡಗಡೆ ಕಾಣಿಸುತ್ತಿಲ್ಲ." ಆಮೇಲೆ, ಸರ್ವೇಯರಾಗಿ, "ಸದರಿಯವರಿಗೆ ವಾಹನ ಕೊಡತಕ್ಕದ್ದಲ್ಲ," ಎಂದರು.

ಹುಡುಗಿಯ ಬೆರಳು ನಿಂತಿತು. ಮೆಟ್ಟಿಲಿನ ಮೇಲಿಂದ ಹೆಂಡತಿ ಎದ್ದಳು. "ಏನಂದ್ರಿ?"

"ಕಾಣಿಸ್ತಿಲ್ಲ ಕಣೇ. ಕಪ್ಪಾಗಿ ಏನೂ ಇರಲ್ಲ. ಅಲ್ಲಿ ಏನೂ ಇಲ್ಲದ ಹಾಗೆ ಇರುತ್ತೆ."

"ಎಷ್ಟು ದಿನದಿಂದ?"

"ಗೊತ್ತಿಲ್ಲ. ಕಾಣದೇ ಇರೋದು ಯಾವಾಗಿಂದ ಅಂತ ಹೇಗೆ ಗೊತ್ತಾಗುತ್ತೆ?"

ಅವಳು ಹತ್ತಿರ ಬಂದಳು. ಬಂದು ಅವರ ಎಡಭುಜದ ಪಕ್ಕಕ್ಕೆ ನಿಂತುಕೊಂಡಳು. "ಮದುವೆಯಾದಾಗಿಂದ ನಿಮ್ಮ ಎಡಗಡೆ ಕೂತೋಳು ನಾನು," ಎಂದಳು, ಕೋಪವೋ ಅಳುವೋ ತಿಳಿಯದ ಹಾಗೆ. "ನಾನು ಕಾಣ್ತೀನೋ, ನಾನೂ ಹೋದ್ನೋ?" ರಾಯರು ಮುಂದಕ್ಕೇ ನೋಡುತ್ತಿದ್ದರು. ಅಲ್ಲಿ ಅವಳಿರಲಿಲ್ಲ, ಹಸಿರು ಗೋಡೆ ಇತ್ತು. ಕತ್ತು ಪೂರ್ತಿ ತಿರುಗಿಸಿದ ಮೇಲೆ ಮೊದಲು ಕಿವಿಯ ಓಲೆ, ಆಮೇಲೆ ಒದ್ದೆಯಾದ ಕಣ್ಣು, ಆಮೇಲೆ ಪೂರ್ತಿ ಅವಳು ಬಂದಳು. "ಕಾಣ್ತೀಯ," ಎಂದರು. "ಸ್ವಲ್ಪ ತಿರುಗಬೇಕು, ಅಷ್ಟೆ."

ಹುಡುಗಿ ಮೂಗು ಒರೆಸಿಕೊಂಡು, ದುಡ್ಡಿನಲ್ಲಿ ಸ್ವಲ್ಪ ಕಡಿತವಾಗುತ್ತದೆ, ಪಾಲಿಸಿಗೆ ಮುಖ್ಯ ಚಾಲಕರು ಬೇರೆಯವರು ಬೇಕಾಗುತ್ತದೆ, ಸರ್ ಹೆಚ್ಚುವರಿ ಚಾಲಕರಾಗುತ್ತಾರೆ, ಎಂದಳು. "ನನ್ನ ಹೆಸರು ಹಾಕಮ್ಮ," ಎಂದಳು ಹೆಂಡತಿ. "ಇವರನ್ನ ಆ ಹೆಚ್ಚುವರೀನೋ ಗಿಚ್ಚುವರೀನೋ, ಅದರಲ್ಲಿ ಹಾಕು." ಹೋಗುವಾಗ ಹುಡುಗಿ ಗೇಟಿನ ಬಳಿ ನಿಂತು, ಇನ್ನೊಂದು ಕೇಸಿದೆ ಸರ್, ಒಂದು ದಿನ ಬಂದು ಕೇಳ್ಲಾ, ಎಂದಾಗ ರಾಯರು ಎಷ್ಟು ಬೇಗ ಹೂಂ ಅಂದರೆಂದರೆ ಅವರಿಗೇ ನಾಚಿಕೆಯಾಯಿತು.

ಸ್ಕೂಟರು ತಿರುವು ದಾಟುವುದರೊಳಗೆ ಹೆಂಡತಿ ಸೀರೆ ಬದಲಾಯಿಸಿ ಕೈಚೀಲ ಹಿಡಿದು ಬಂದಿದ್ದಳು. ಮೊದಲು ಕಣ್ಣಿನ ಡಾಕ್ಟರು, ಅಲ್ಲಿಂದ ನೇರ ವಾಚ್‌ಮನ್ನನ ಹತ್ತಿರ, ಮಾತಾಡುವುದು ನೀವು, ಎಂದಳು. ರಾಯರು ಅಭ್ಯಾಸಬಲದಿಂದ ಬಲಗಡೆಯ ಬಾಗಿಲಿಗೆ ಹೋಗಿ ಹಿಡಿ ಹಿಡಿದರು. ಅವಳು ಹಿಂದೆಯೇ ಬಂದು, ಏನೂ ಅನ್ನದೆ, ಬಸ್ಸಿನಲ್ಲಿ ಮುಂದಿನವರು ಇಳಿಯಲೆಂದು ಕಾಯುವ ಹಾಗೆ ನಿಂತಳು. ಅವರು ಹಿಡಿ ಬಿಟ್ಟರು. ಕಾರಿನ ಮುಂಭಾಗವನ್ನು ಸುತ್ತಿಕೊಂಡು ಆ ಕಡೆಗೆ ಹೋಗುವಷ್ಟರಲ್ಲಿ ಒಂದು ಊರನ್ನೇ ಸುತ್ತಿ ಬಂದಷ್ಟು ದಣಿವಾಯಿತು. ಎಡಸೀಟು ಅವರಿಗೆ ಮುಂದಾಗಿತ್ತು, ಮಂಡಿ ಡ್ಯಾಶ್‌ಬೋರ್ಡಿಗೆ ತಾಗಿತು. ಕಾಲಡಿಗೆ ಬ್ರೇಕು ಇರಲಿಲ್ಲ. ಇದ್ದ ಹಾಗೆ ಒಂದು ಸಲ ಒತ್ತಿದರು. ಅವಳು ಬೆಲ್ಟು ಹಾಕಿಕೊಂಡು, ಕನ್ನಡಿಗಳನ್ನು ತನ್ನ ಎತ್ತರಕ್ಕೆ ತಿರುಗಿಸಿಕೊಂಡು, ಕಾರನ್ನು ಹಿಂದಕ್ಕೆ ತೆಗೆದಳು. ಎರಡು ಕಂಬಗಳೂ ಮುಟ್ಟದೆ ದಾಟಿಹೋದವು. ಬಾಯಿಗೆ ಬಂದ ಮಾತುಗಳನ್ನೆಲ್ಲ ರಾಯರು ಹಲ್ಲಿನ ಹಿಂದೆ ಹಿಡಿದುಕೊಂಡರು.

ಕಾರಿನ ಹಿಂಬದಿ ರಸ್ತೆಗೆ ಇಳಿಯುವ ಮೊದಲು ಅವಳು, "ಎಡಗಡೆ ಏನಾದ್ರೂ ಬರ್ತಿದೆಯಾ ನೋಡಿ ಹೇಳ್ರೀ," ಎಂದಳು. ರಾಯರು ಸೊಂಟದಿಂದ ಮೇಲೆ ಇಡೀ ಮೈಯನ್ನೇ ತಿರುಗಿಸಿ, ಮುಖವನ್ನು ಕಿಟಕಿಯ ಹೊರಗೆ ಹಾಕಿ ನೋಡಿದರು. ಮರ ಬಂತು, ಹಾಲಿನ ಅಂಗಡಿ ಬಂತು, ಕೊನೆಗೆ ಎಲ್ಲಿಂದಲೋ ಒಂದು ಸೈಕಲ್ಲೂ, ಅದರ ಮೇಲೊಬ್ಬ ಮನುಷ್ಯನೂ ಬಂದರು. "ನಿಲ್ಲು, ನಿಲ್ಲು! ಸೈಕಲ್ ಬರ್ತಿದೆ!" ಎಂದು ಕೂಗಿದರು. ಕಾರು ನಿಂತಿತು. ಸೈಕಲ್ಲಿನವನು ಬೆಲ್ಲು ಹೊಡೆದು ದಾಟಿಹೋದ. "ಸದ್ಯ, ನೀವು ನೋಡಿದ್ರಿ," ಎಂದಳು ಹೆಂಡತಿ. ರಾಯರು ಈ ಕಡೆ ತಿರುಗಿ ಅವಳ ಕಾಲನ್ನು ನೋಡಿದರು. ಪಾದ ಬ್ರೇಕಿನ ಮೇಲೆ ಸಾವಧಾನವಾಗಿ, ಪೂರ್ತಿಯಾಗಿ ಕೂತಿತ್ತು. ಗಾಬರಿಯಲ್ಲಿ ಒತ್ತಿದ ಕಾಲಲ್ಲ ಅದು. ಅವರು ಕೂಗುವುದಕ್ಕೆ ಬಹಳ ಮೊದಲೇ ಅಲ್ಲಿ ಬಂದು ಕೂತದ್ದು. ಯಾರ ಮಾತನ್ನೂ ಪರೀಕ್ಷಿಸದೆ ಒಪ್ಪಿದವರಲ್ಲ ರಾಯರು.

"ಹೂಂ," ಎಂದರು. "ಈಗ ಹೋಗು."